ಮಾತು ಕಡಿಮೆ, ನಂಟು ಗಟ್ಟಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಚಳ್ಳಕೆರೆ, ಮೊಳಕಾಲ್ಮೂರು ಹಳ್ಳಿಗಳಿಂದ ಶೇಂಗಾ ಕೆಲಸ, ಮಗ್ಗದ ಕೆಲಸ ಬಿಟ್ಟು ಬಂದಿದ್ದೀರಿ. ಇವತ್ತು ಸಾಲ, ಬಡ್ಡಿಯ ವಿಷಯ ಬೇಡ. ಪ್ರತಿ ಸಂಘದಲ್ಲೂ ಬಾಗಿಲ ಹತ್ತಿರ ಸುಮ್ಮನೆ ಕೂರೋಳು ಒಬ್ಬಳು ಇರ್ತಾಳಲ್ಲ, ಅವಳ ಬಗ್ಗೆ ಮಾತಾಡೋಣ.

"ಅವಳಿಗೆ ಜಂಬ" ಅಂತ ಕೆಲವರು, "ಏನೂ ತಿಳಿಯಲ್ಲ" ಅಂತ ಕೆಲವರು. ನಾವೂ ಒಮ್ಮೆ ತಪ್ಪು ಮಾಡಿದೆವು. ಮೊಳಕಾಲ್ಮೂರು ಕಡೆಯ ನೇಕಾರರ ಕೇರಿಗೆ ಆಂಧ್ರದಿಂದ ಸೊಸೆಯಾಗಿ ಬಂದವಳು. ಮನೆಮಾತು ತೆಲುಗು, ಸ್ವಭಾವ ಮೌನ. ಧೈರ್ಯ ಬರಲಿ ಎಂದು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ "ಮಾತಾಡಮ್ಮ" ಎಂದೆವು. ಬೆವೆತು ಕೂತುಬಿಟ್ಟಳು. ಮುಂದಿನ ಮೂರು ವಾರ ಸಭೆಗೇ ಬರಲಿಲ್ಲ. ಉಳಿತಾಯ ನಿಂತಿತು. ಹೆಸರು ತೆಗೆದುಬಿಡೋಣ ಅಂದರು.

ಮನೆಗೆ ಹೋದೆವು. ಗುಂಡಿಮಗ್ಗದಲ್ಲಿ ಕೂತಿದ್ದಳು. ಸೀರೆಯ ಅಂಚು ಬೇರೆ ಬಣ್ಣದ್ದಾದರೆ ಮೂರು ಲಾಳಿ ಆಡಬೇಕು, ಜೊತೆಗೆ ಇನ್ನೊಂದು ಕೈ ಬೇಕು ಅನ್ನೋದು ನಿಮಗೇ ಗೊತ್ತು. ಆ ಕೈ ಪಕ್ಕದ ಮನೆ ಹುಡುಗಿಯದು. ಇಬ್ಬರ ನಡುವೆ ಮಾತಿಲ್ಲ, ಆದರೂ ಲಾಳಿ ಒಮ್ಮೆಯೂ ತಪ್ಪಲಿಲ್ಲ. ನಾವೂ ಸುಮ್ಮನೆ ಕೂತು ಕಂಡಿಕೆ ಸುತ್ತಿದೆವು. ಅರ್ಧ ಗಂಟೆ ಕಳೆದ ಮೇಲೆ ಅವಳೇ ಮೆಲ್ಲಗೆ ಹೇಳಿದಳು: "ಸಿಸ್ಟರ್, ಮಗಳನ್ನ ಕಾಲೇಜಿಗೆ ಸೇರಿಸೋಕೆ ಸಾಲ ಬೇಕಿತ್ತು. ಕೇಳೋಕೆ ಬಾಯಿ ಬರಲಿಲ್ಲ."

ನಮಗೆ ನಾಚಿಕೆಯಾಯಿತು. ಜೋರಾಗಿ ಕೇಳಿದವರಿಗೆ ಮಾತ್ರ ನಮ್ಮ ಸಂಘದಲ್ಲಿ ಸಾಲ ಸಿಗುತ್ತಿತ್ತು!

ಸಾಲ ಕೊಟ್ಟೆವು. ಪಾಸ್‌ಬುಕ್‌ಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸವನ್ನೂ ಕೊಟ್ಟೆವು. ಒಬ್ಬ ಅಜ್ಜಿ ಜ್ವರದಲ್ಲಿ ಒಂಟಿಯಾಗಿ ಮಲಗಿದ್ದನ್ನು ಮೊದಲು ಕಂಡವಳು ಅವಳೇ. ಇವತ್ತಿಗೂ ಅವಳು ಭಾಷಣ ಮಾಡಲ್ಲ. ಮಾಡಬೇಕಾಗಿಯೂ ಇಲ್ಲ.

ನಮ್ಮ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕ ಚಕ್ರವರ್ತಿ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆಸಿದ್ದೂ ಇಂಥ ದಿನನಿತ್ಯದ ಮಾತೇ: ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ನಂಟರೊಡನೆ ಸರಿಯಾಗಿ ನಡೆದುಕೊಳ್ಳಿ ಎಂದು. ನಂಟು ಬೆಳೆಯೋದು ನಡತೆಯಿಂದ.

ಆದ್ದರಿಂದ ಮೂರು ಕೆಲಸ ಮಾಡೋಣ. ಮೌನಿಗಳನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸೋದು ಬೇಡ. ಇಬ್ಬಿಬ್ಬರಾಗಿ ಕೂತು ಮಾತಾಡಿಸೋಣ. ಸಾಲ ಯಾರಿಗೆ ಬೇಕೆಂದು ಮನೆ ಬಾಗಿಲಲ್ಲೇ ವಿಚಾರಿಸೋಣ. ಕೈಗೆ ಒಂದು ಕೆಲಸ ಕೊಡೋಣ.

ಇನ್ನೊಂದು ಎಚ್ಚರ. ನಗುನಗುತ್ತಾ ಇದ್ದವಳು ದಿಢೀರ್ ಮೌನವಾದರೆ, ಊಟ ನಿದ್ದೆ ಬಿಟ್ಟರೆ, ಅದು ಸ್ವಭಾವವಲ್ಲ. ಮನೆಯಲ್ಲಿ ಹೊಡೆತವಿರಬಹುದು, ಮನಸ್ಸಿಗೆ ಕಾಯಿಲೆಯಿರಬಹುದು. ಹೊಡೆತ ಬಡಿತವಾದರೆ ಮಹಿಳಾ ಸಹಾಯವಾಣಿ 181, ಮನಸ್ಸಿನ ಕಷ್ಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ಇದೆ. ಬರೆದುಕೊಳ್ಳಿ.

ಮುಂದಿನ ವಾರದ ಸಭೆಯಲ್ಲಿ ಬಾಗಿಲ ಹತ್ತಿರ ಯಾರು ಕೂತಿದ್ದಾರೆ ನೋಡಿ. ಅವರ ಪಕ್ಕದಲ್ಲೇ ಹೋಗಿ ಕೂರಿ. ಮಾತು ತಾನಾಗಿ ಬರುತ್ತೆ, ಬರದಿದ್ದರೂ ಚಿಂತೆಯಿಲ್ಲ.