ಹಳೆಯ ಬೋಟಿನ ಎಂಜಿನು: ರೋಗ ಮತ್ತು ಲಕ್ಷಣ

ಬೆಟ್ಟದ ನೆತ್ತಿಯಲ್ಲಿ ಹೊಗೆ ಕಂಡಿತು. ಆದುದರಿಂದ ಅಲ್ಲಿ ಬೆಂಕಿಯುಂಟು. ತರ್ಕಶಾಸ್ತ್ರ ಓದಲು ಕುಳಿತವರಿಗೆಲ್ಲ ದೊರೆಯುವ ಮೊದಲ ಉದಾಹರಣೆ ಇದು. ಕಾಣುವ ಗುರುತಿನಿಂದ ಕಾಣದ ಕಾರಣವನ್ನು ತಿಳಿಯುವ ಈ ಕ್ರಮಕ್ಕೆ ಅನುಮಾನವೆಂದು ಹೆಸರು. ಆಡುಮಾತಿನಲ್ಲಿ ಅನುಮಾನವೆಂದರೆ ಸಂದೇಹ; ಶಾಸ್ತ್ರದಲ್ಲಿ ಅದು ಸಂದೇಹವನ್ನು ಕಳೆಯುವ ಸಾಧನ. ಮಲ್ಪೆಯ, ಗಂಗೊಳ್ಳಿಯ ದಕ್ಕೆಗಳಲ್ಲಿ ಕೆಟ್ಟು ನಿಂತ ಹಳೆಯ ಬೋಟಿನ ಬಳಿ ಈ ಸಾಧನಕ್ಕೆ ಬಹಳ ಕೆಲಸವಿದೆ. ಅಲ್ಲಿ ಹೊಗೆ ಕಂಡು ಬೆಂಕಿಯಿದೆಯೆಂದು ಹೇಳಿದರೆ ಸಾಲದು. ಆ ಬೆಂಕಿಗೆ ಬಂದಿರುವ ರೋಗ ಯಾವುದೆಂದು ಹೇಳಬೇಕು.

ರಸ್ತೆಯಲ್ಲಿ ಮೋಟಾರು ನಿಂತರೆ ಇಳಿದು ನಡೆಯಬಹುದು. ಅಳಿವೆ ಬಾಯಲ್ಲಿ ಬೋಟು ನಿಂತರೆ ಹಾಗಲ್ಲ. ನದಿಯ ನೀರೂ ಕಡಲ ತೆರೆಯೂ ಎದುರುಬದುರಾಗುವ ಆ ಜಾಗದಲ್ಲಿ, ಮರಳದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ. ಎಂಜಿನು ನಿಂತ ಬೋಟು ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಮುಂದಿನ ಅಲೆ ಅದನ್ನು ಮಗುಚಬಲ್ಲುದು. ಆದುದರಿಂದ ಈ ರೋಗಪರೀಕ್ಷೆ ಜೀವದ ಪ್ರಶ್ನೆಯೇ ಸರಿ.

ಮೊದಲು ಡೀಸೆಲ್ ಎಂಜಿನಿನ ಸ್ವಭಾವವನ್ನು ಎರಡು ಮಾತಿನಲ್ಲಿ ತಿಳಿಯೋಣ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರಕ್ಕೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದಾಗ ಅದರ ಕಾವು 500 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಆ ಕಾದ ಗಾಳಿಗೆ ನಾಝಲಿನಿಂದ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಶುದ್ಧವಾದ ಗಾಳಿ, ಶುದ್ಧವಾದ ಎಣ್ಣೆ, ಬಿಗಿಯಾದ ಒತ್ತಡ, ತಂಪು ಮಾಡುವ ನೀರು—ಈ ನಾಲ್ಕು ಸರಿಯಾಗಿದ್ದರೆ ಹಳೆಯ ಎಂಜಿನೂ ದುಡಿಯುತ್ತದೆ. ಆಗಬಹುದಾದ ದೋಷಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದಕ್ಕೆ ಸೇರಿದವು.

ಎಂಜಿನು ಹೊರಡುವುದೇ ಇಲ್ಲವೆನ್ನಿ. ಸೆಲ್ಫ್ ಹೊಡೆದಾಗ ಅದು ನಿಧಾನವಾಗಿ, ನರಳುತ್ತ ತಿರುಗಿದರೆ ನೋಡಬೇಕಾದುದು ಬ್ಯಾಟರಿಯನ್ನು ಮತ್ತು ಅದರ ತಂತಿಯ ತುದಿಗಳನ್ನು. ಉಪ್ಪುಗಾಳಿಗೆ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹೊಗೆಕೊಳವೆಯ ಬಾಯಿಯನ್ನು ನೋಡಿರಿ. ಹೊಗೆಯ ಸುಳಿವೇ ಇಲ್ಲದಿದ್ದರೆ ಎಣ್ಣೆ ಸಿಲಿಂಡರನ್ನು ಮುಟ್ಟುತ್ತಿಲ್ಲ. ಬಿಳಿಯ ಹೊಗೆ ಬರುತ್ತಿದ್ದರೆ ಎಣ್ಣೆ ಮುಟ್ಟಿದೆ, ಆದರೆ ಉರಿಯುತ್ತಿಲ್ಲ. ಒಂದು ನೋಟದಿಂದ ಪ್ರಶ್ನೆ ಅರ್ಧಕ್ಕೆ ಇಳಿಯಿತು. ಒಂದು ತಿರುಪನ್ನೂ ಬಿಚ್ಚಿದ್ದಾಗಲಿಲ್ಲ.

ಓಡುತ್ತಿರುವ ಎಂಜಿನಿನ ಹೊಗೆಗೆ ಮುಖ್ಯವಾಗಿ ಮೂರು ಬಣ್ಣ. ಕಪ್ಪು ಹೊಗೆಯೆಂದರೆ ಎಣ್ಣೆ ಪೂರ್ತಿ ಉರಿದಿಲ್ಲ. ಗಾಳಿ ಸಾಲದು, ನಾಝಲು ಸವೆದಿದೆ, ಇಲ್ಲವೆ ಭಾರ ಹೆಚ್ಚಾಗಿದೆ. ಇಲ್ಲಿ ಎಂಜಿನನ್ನೇ ದೂರುವುದಕ್ಕೆ ಮುನ್ನ ಬೋಟಿನ ತಳವನ್ನು ನೋಡಬೇಕು. ಫ್ಯಾನಿಗೆ ಹರಿದ ಬಲೆ ಸುತ್ತಿಕೊಂಡಿದ್ದರೂ, ಅಡಿಯಲ್ಲಿ ಚಿಪ್ಪು ಪಾಚಿಗಳು ದಟ್ಟವಾಗಿ ಬೆಳೆದಿದ್ದರೂ ಎಂಜಿನು ಏದುಸಿರುಬಿಡುತ್ತದೆ. ನೀಲಿ ಹೊಗೆ ಉರಿಯಬಾರದ ಕೀಲೆಣ್ಣೆ ಉರಿಯುತ್ತಿರುವುದರ ಗುರುತು; ಪಿಸ್ಟನ್ನಿನ ಬಳೆಗಳೋ ವಾಲ್ವಿನ ಗೂಡುಗಳೋ ಸವೆದಿವೆ. ಬಿಳಿ ಹೊಗೆ ತಣ್ಣಗಿರುವ ಎಂಜಿನಿನಲ್ಲಿ ಸಹಜ. ಕಾದ ಮೇಲೂ ನಿಲ್ಲದಿದ್ದರೆ ಒತ್ತಡ ಸಡಿಲವಾಗಿದೆ, ಎಣ್ಣೆ ಚಿಮ್ಮುವ ಹೊತ್ತು ತಪ್ಪಿದೆ, ಇಲ್ಲವೆ ಒಳಗೆ ನೀರು ಸೇರುತ್ತಿದೆ. ನೀರಿನ ಶಂಕೆಯಿದ್ದರೆ ಕೀಲೆಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಿರಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಂಜಿನನ್ನು ಮುಂದೆ ಓಡಿಸಲೇ ಕೂಡದು.

ಈಗ ಮುಖ್ಯವಾದ ಸಂಗತಿಗೆ ಬರೋಣ. ದಕ್ಕೆಯಲ್ಲಿ ಗಂಟೆಗಟ್ಟಲೆ ಸುಸೂತ್ರವಾಗಿ ಓಡಿದ ಎಂಜಿನು ಅಳಿವೆ ಬಾಯಿಗೆ ಬಂದಾಗಲೇ ಏಕೆ ನಿಲ್ಲಬೇಕು? ಇದು ಗ್ರಹಚಾರವೆಂದು ಹೇಳುವವರುಂಟು. ಕಾರಣ ಟಾಂಕಿಯ ತಳದಲ್ಲಿದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯಲು ನಿಷೇಧವಷ್ಟೆ. ಆ 61 ದಿನ ಅರ್ಧ ತುಂಬಿದ ಟಾಂಕಿಯೊಡನೆ ಬೋಟು ಮಳೆಗಾಲದ ತೇವದಲ್ಲಿ ನಿಂತಿರುತ್ತದೆ. ಟಾಂಕಿಯ ಬರಿದಾದ ಭಾಗದ ಗಾಳಿಯಲ್ಲಿನ ತೇವ ಲೋಹದ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲಿಗಿಂತ ನೀರು ಭಾರ. ಅದು ಅಡಿಗೆ ಹೋಗಿ, ತುಕ್ಕು ಕೆಸರುಗಳೊಡನೆ ಸೇರಿ ಕುಳಿತುಕೊಳ್ಳುತ್ತದೆ. ಎಂಜಿನಿಗೆ ಹೋಗುವ ಕೊಳವೆಯ ಬಾಯಿ ತಳದಿಂದ ತುಸು ಮೇಲಿರುವುದರಿಂದ ನಿಂತ ನೀರಿನಲ್ಲಿ ತೊಂದರೆ ತೋರದು. ಅಳಿವೆಯ ಅಲೆ ಬೋಟನ್ನು ಕುಲುಕಿದಾಗ ತಳದ ಕೊಳೆಯೆಲ್ಲ ಮೇಲೆದ್ದು ಫಿಲ್ಟರನ್ನು ಕಟ್ಟುತ್ತದೆ. ಅದೇ ಹೊತ್ತಿಗೆ ತಂಡೇಲನು ಪೂರ್ಣ ವೇಗ ಕೇಳುತ್ತಾನೆ. ಎಣ್ಣೆ ಹೆಚ್ಚು ಬೇಕಾದಾಗಲೇ ದಾರಿ ಮುಚ್ಚಿತು. ಎಂಜಿನಿನ ಸದ್ದು ಏರಿಳಿದು, ಸೊರಗಿ, ನಿಲ್ಲುತ್ತದೆ. ಅಳಿವೆಯಲ್ಲಿ ಕಂಡ ರೋಗ ದಕ್ಕೆಯಲ್ಲಿಯೇ ಹುಟ್ಟಿದ್ದು.

ನಿಲ್ಲುವ ರೀತಿಯನ್ನು ಗಮನಿಸಬೇಕೆಂಬುದು ಇದಕ್ಕಾಗಿಯೇ. ಸೊರಗಿ ನಿಂತರೆ ಎಣ್ಣೆಯ ದಾರಿಯನ್ನು ಶಂಕಿಸಬೇಕು. ಧಡಕ್ಕನೆ ಕುಲುಕಿ ನಿಂತರೆ ಫ್ಯಾನಿಗೆ ಏನೋ ಸಿಲುಕಿದೆ. ಕಾವು ಏರುತ್ತ ಬಂದು ನಿಂತರೆ ನೀರಿನ ದಾರಿಯನ್ನು ನೋಡಬೇಕು: ಹೊರಬೀಳುವ ತಂಪುನೀರು ಕಡಮೆಯಾಗಿತ್ತೆ? ಒಳಬರುವ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಮೆತ್ತಿದೆಯೆ? ಪಂಪಿನೊಳಗಿನ ರಬ್ಬರಿನ ರೆಕ್ಕೆ ಮುರಿದಿದೆಯೆ? ಮುರಿದಿದ್ದರೆ ಹೊಸದನ್ನು ಹಾಕಿದ ಮಾತ್ರಕ್ಕೆ ಮುಗಿಯದು. ಕಳೆದ ತುಣುಕುಗಳನ್ನು ಮುಂದಿನ ಕೊಳವೆಗಳಲ್ಲಿ ಹುಡುಕಿ ತೆಗೆಯಬೇಕು.

ಎಣ್ಣೆಯ ದಾರಿಯಲ್ಲಿ ಇನ್ನೊಂದು ಕಳ್ಳತನವುಂಟು. ಪಂಪು ಎಣ್ಣೆಯನ್ನು ಎಳೆಯುವ ಕಡೆ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಎಣ್ಣೆ ಹೊರಗೆ ತೊಟ್ಟಿಕ್ಕದೆ, ಗಾಳಿ ಒಳಗೆ ನುಗ್ಗಬಹುದು. ಕಣ್ಣಿಗೆ ಸೋರಿಕೆ ಕಾಣದು. ಎಂಜಿನಿಗೆ ಏರ್ ಹಿಡಿಯುತ್ತದೆ. ಇದನ್ನು ಪತ್ತೆ ಮಾಡುವ ಉಪಾಯ ಸುಲಭ. ಶುದ್ಧವಾದ ಡೀಸೆಲ್ ತುಂಬಿದ ಬೇರೊಂದು ಡಬ್ಬಿಯಿಂದ, ಬೇರೊಂದು ಕೊಳವೆಯ ಮೂಲಕ, ಏರ್ ತೆಗೆದು ಎಂಜಿನನ್ನು ಓಡಿಸಿರಿ. ದೋಷ ಹೋಯಿತೆ? ಹಾಗಾದರೆ ಅದು ಟಾಂಕಿಯಲ್ಲಿ ಅಥವಾ ಹಳೆಯ ಕೊಳವೆಯಲ್ಲಿದೆ. ಹಾಗೆಯೇ ಉಳಿಯಿತೆ? ಅದರಿಂದ ಮುಂದಕ್ಕೆ ಹುಡುಕಿರಿ. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಈ ಪರೀಕ್ಷೆಗೆ ನಮ್ಮ ಶಾಸ್ತ್ರಕಾರರು ಅನ್ವಯ ವ್ಯತಿರೇಕವೆಂದು ಹೆಸರಿಟ್ಟರು.

ಆ ನಿಯಮ ನಡೆಯಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಫಿಲ್ಟರು, ನಾಝಲು, ಪಂಪು ಮೂರನ್ನೂ ಒಟ್ಟಿಗೆ ಬದಲಿಸಿದವನ ಎಂಜಿನು ಓಡಬಹುದು. ಆದರೆ ಕೆಟ್ಟದ್ದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಹಣವೂ ಹೋಯಿತು, ಪಾಠವೂ ಹೋಯಿತು. ಅಗ್ಗದ್ದನ್ನೂ ಕೈಗೆಟುಕುವುದನ್ನೂ ಮೊದಲು ನೋಡಿ, ಮಾಡಿದ್ದನ್ನು ತಾರೀಖಿನೊಡನೆ ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ಲೇಸು. ಓಡುವ ಎಂಜಿನಿನ ನಾಝಲಿನ ಬಳಿ ಸೋರಿಕೆ ಹುಡುಕಲು ಎಂದಿಗೂ ಬೆರಳೊಡ್ಡಬಾರದು. ಆ ಒತ್ತಡದ ಎಣ್ಣೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ.

ನಿಷೇಧದ ದಿನಗಳಿಗೆ ಮುನ್ನ ಟಾಂಕಿಯನ್ನು ತುಂಬಿ ನಿಲ್ಲಿಸುವುದು, ಕಡಲಿಗಿಳಿಯುವ ಮುನ್ನ ಅದರ ತಳದ ನೀರನ್ನು ಬಸಿದು ಹೊಸ ಫಿಲ್ಟರು ಹಾಕುವುದು—ಇಷ್ಟರಿಂದ ಅನೇಕ ಅಪಾಯಗಳು ದಕ್ಕೆಯಲ್ಲೇ ಮುಗಿಯುತ್ತವೆ. ಇಷ್ಟಾದರೂ ಅಳಿವೆಯಲ್ಲಿ ಎಂಜಿನು ನಿಂತರೆ ಮೊದಲು ಲಂಗರು ಇಳಿಸಿ ಬೋಟಿನ ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸಬೇಕು. ಪಾನಾ ಕೈಗೆತ್ತಿಕೊಳ್ಳುವುದು ಆಮೇಲೆ.