ಕೋಳಿಗೂ ಸೀನು ಬರುತ್ತದೆ

ಮಕ್ಕಳೇ, ದಾವಣಗೆರೆ, ಹರಿಹರದ ಸುತ್ತ ಹೊಲಗಳ ನಡುವೆ ಉದ್ದುದ್ದನೆಯ ಕೋಳಿ ಶೆಡ್ಡುಗಳನ್ನು ನೋಡಿರುತ್ತೀರಿ. ಕೋಳಿ ತಿನ್ನುವ ಮೆಕ್ಕೆಜೋಳ ಈ ಜಿಲ್ಲೆಯ ದೊಡ್ಡ ಬೆಳೆ. ನೆಲಕ್ಕೆ ಹಾಸುವ ಭತ್ತದ ಹೊಟ್ಟಿಗೂ ಇಲ್ಲಿ ಬರವಿಲ್ಲ. ಭದ್ರಾ ನಾಲೆಯ ನೀರು, ಗದ್ದೆ, ಅಕ್ಕಿ ಗಿರಣಿ ಎಲ್ಲ ಹತ್ತಿರದಲ್ಲೇ ಇವೆ.

ಅನುಭವಿ ಸಾಕಣೆದಾರರು ರಾತ್ರಿ ಕೋಳಿಗಳೆಲ್ಲ ಸುಮ್ಮನಾದ ಮೇಲೆ ಶೆಡ್ಡಿನಲ್ಲಿ ನಿಂತು ಕಿವಿಗೊಡುತ್ತಾರೆ. ಅಲ್ಲೊಂದು ಸೀನು, ಇಲ್ಲೊಂದು ಗೊರಗೊರ ಕೇಳಿತೋ, ಅವತ್ತು ಅವರಿಗೆ ನಿದ್ದೆಯಿಲ್ಲ.

ಒಂದು ಸೀನಿಗೆ ಇಷ್ಟು ಹೆದರಿಕೆ ಯಾಕೆ?

ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಭತ್ತದ ಪೈರು ತೂಗುವಂತೆ ಅವು ಸದಾ ತೂಗುತ್ತಾ, ಧೂಳು, ಕಫ, ರೋಗಾಣುಗಳನ್ನೆಲ್ಲ ಮೇಲಕ್ಕೆ ತಳ್ಳುತ್ತಿರುತ್ತವೆ. ಕೊಕ್ಕರೆ ರೋಗದ ವೈರಸ್ಸೋ, ಬ್ರಾಂಕೈಟಿಸ್ ವೈರಸ್ಸೋ ಬಂದರೆ ಮೊದಲು ಹಾಳಾಗುವುದು ಈ ರೋಮಗಳೇ. ಅವು ಮತ್ತೆ ಬೆಳೆಯುತ್ತವೆ, ನಿಜ. ಆದರೆ ಅದಕ್ಕೆ ದಿನಗಳು ಬೇಕು. ಬ್ರಾಯ್ಲರ್ ಕೋಳಿಯ ಆಯುಷ್ಯವೇ ಆರೇಳು ವಾರ!

ಅಷ್ಟರಲ್ಲಿ ಬ್ಯಾಕ್ಟೀರಿಯಾಗಳಿಗೆ ದಾರಿ ಸಲೀಸಾಗುತ್ತದೆ. ಇ. ಕೋಲಿ ಎಂಬುದು ಕೋಳಿಯ ಕರುಳಲ್ಲೇ ಇರುತ್ತದೆ. ಹಿಕ್ಕೆಯೊಂದಿಗೆ ಹೊಟ್ಟಿಗೆ ಬೀಳುತ್ತದೆ, ಒಣಗಿ ಧೂಳಾಗಿ ಹಾರುತ್ತದೆ, ಉಸಿರಿನೊಂದಿಗೆ ಒಳಸೇರುತ್ತದೆ. ಮೈಕೋಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತರುವ ಕಾಯಿಲೆಯನ್ನು ಸಾಕಣೆದಾರರು ಸಿಆರ್‌ಡಿ ಅನ್ನುತ್ತಾರೆ. ಇವು ಜೊತೆಗೂಡಿದರೆ ನೆಗಡಿಯಷ್ಟೇ ಆಗಿದ್ದದ್ದು ಸಾವಿಗೆ ತಿರುಗುತ್ತದೆ. ಮನುಷ್ಯರಿಗೂ ಇದು ಹೊಸದಲ್ಲ. 1918ರ ಮಹಾ ಫ್ಲೂನಲ್ಲಿ ಸತ್ತವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ.

ಕೋಳಿಗೆ ಇನ್ನೊಂದು ತೊಂದರೆಯಿದೆ. ಅದಕ್ಕೆ ಶ್ವಾಸಕೋಶದ ಜೊತೆ ಎಂಟೊಂಬತ್ತು ಗಾಳಿಚೀಲಗಳೂ ಇವೆ. ಒಮ್ಮೆ ಎಳೆದುಕೊಂಡ ಗಾಳಿ ಇವನ್ನೆಲ್ಲ ಸುತ್ತಿ ಹೊರಬರಲು ಎರಡು ಉಸಿರು ಬೇಕು. ಹಾರುವ ಹಕ್ಕಿಗೆ ಇದು ವರ. ಆದರೆ ಈ ಚೀಲಗಳಲ್ಲಿ ರಕ್ತನಾಳ ಕಡಿಮೆ. ರೋಗಾಣು ಅಲ್ಲಿಗೆ ಹೊಕ್ಕರೆ ರಕ್ತದ ಕಾವಲು ಕಣಗಳು ತಲುಪುವುದೂ ತಡ, ಔಷಧಿ ತಲುಪುವುದೂ ಕಷ್ಟ. ತೆಳ್ಳಗೆ ಹೊಳೆಯಬೇಕಾದ ಚೀಲ ಮಬ್ಬಾಗಿ, ಹಳದಿ ಹೆಪ್ಪು ಕಟ್ಟುತ್ತದೆ.

ಎಲ್ಲ ವೈರಸ್ಸಿಗೂ ಜೊತೆಗಾರ ಬೇಕೆಂದಿಲ್ಲ ಅನ್ನಿ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕಾಣಿಸಿಕೊಂಡ ಹಕ್ಕಿಜ್ವರದ ವೈರಸ್ ಒಂಟಿಯಾಗಿಯೇ ಕೊಲ್ಲಬಲ್ಲದು.

ಆ್ಯಂಟಿಬಯಾಟಿಕ್ ಕೊಟ್ಟರಾಯಿತಲ್ಲ ಅಂತೀರಾ? ಅದು ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುತ್ತದೆ, ವೈರಸ್ಸಿನ ಕೂದಲೂ ಕೊಂಕುವುದಿಲ್ಲ. ಪಶುವೈದ್ಯರನ್ನು ಕೇಳದೆ ಸುರಿದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ವೈರಸ್ಸಿಗೆ ಲಸಿಕೆಯೇ ಗತಿ. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುತ್ತಾರೆ.

ನನ್ನ ಕೇಳಿದರೆ ಲಸಿಕೆಯಷ್ಟೇ ಮುಖ್ಯವಾದದ್ದು ಗಾಳಿ. ಚಳಿಗಾಲದಲ್ಲಿ ಮರಿಗಳಿಗೆ ಬೆಚ್ಚಗಿರಲೆಂದು ಪರದೆ ಪೂರ್ತಿ ಇಳಿಸಿದರೆ, ಒದ್ದೆ ಹೊಟ್ಟಿನಿಂದ ಅಮೋನಿಯಾ ಏಳುತ್ತದೆ. ನಿಮ್ಮ ಕಣ್ಣು ಉರಿಸುವ ಆ ಅನಿಲ ಕೋಳಿಯ ರೋಮಗಳನ್ನೂ ಕೆಡಿಸುತ್ತದೆ. ವೈರಸ್ ಬರುವ ಮೊದಲೇ ಅದರ ಅರ್ಧ ಕೆಲಸ ಮುಗಿದಂತೆ.

ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇದ್ದರೆ ಹಾರಿ ದಾಟಬೇಡಿ. ರೋಗಾಣು ನಿಮ್ಮ ಜೊತೆ ಒಳಬರದಂತೆ ಚಪ್ಪಲಿ ಸಮೇತ ಕಾಲು ಅದ್ದಿಯೇ ಒಳಗೆ ಹೋಗಿ.