ಊರು ಮಲಗಿದ್ರೂ ಟಿಸಿ ಮಲಗಲ್ಲ, ಯಾಕೆ?

ಇವತ್ತು ನಾನು ಮಾತಾಡೋದು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಬಗ್ಗೆ. ನಮ್ಮ ಕಡೆ ‘ಟಿಸಿ’ ಅಂತಾರಲ್ಲ, ಅದೇ. ಮಧ್ಯರಾತ್ರಿ ಊರೆಲ್ಲ ಲೈಟ್ ಆರಿಸಿ ಮಲಗಿದ್ರೂ ಅದು ಗುಂಯ್ ಅಂತಾನೇ ಇರುತ್ತೆ. ಯಾಕೆ?

ಅದರೊಳಗೆ ತಂತಿಯ ಸುರುಳಿಗಳಿವೆ. ಅವುಗಳ ನಡುವೆ ಕಬ್ಬಿಣದ ಕೋರ್. ಒಂದು ಸುರುಳಿಯ ವಿದ್ಯುತ್ತು ಇನ್ನೊಂದಕ್ಕೆ ದಾಟೋದು ಕೋರ್‌ನ ಕಾಂತತೆಯ ಮೂಲಕ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಕೋರ್ ಸೆಕೆಂಡಿಗೆ 100 ಸಲ ತನ್ನ ಉತ್ತರ-ದಕ್ಷಿಣ ಧ್ರುವಗಳನ್ನ ಅದಲುಬದಲು ಮಾಡ್ಕೋಬೇಕು. ಪ್ರತಿ ಸಲವೂ ಲೋಹ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತೆ. ಆ ಸದ್ದಿಗೆ ಮುಖ್ಯ ಕಾರಣ ಅದೇ.

ಫ್ರಿಜ್ ಮೇಲಿನ ಮ್ಯಾಗ್ನೆಟ್ ತನ್ನ ಕಾಂತತೆಯನ್ನ ಬಿಡಬಾರದು. ಕೋರ್ ತಕ್ಷಣ ಬಿಡಬೇಕು. ಒಳ್ಳೆ ಕೋರ್ ಅಂದ್ರೆ ಮರೆಗುಳಿ ಕೋರ್! ಮರೆಯೋಕೆ ಹಟ ಮಾಡಿದಷ್ಟೂ ವಿದ್ಯುತ್ತು ಬಿಸಿಯಾಗಿ ಪೋಲು. ಜೊತೆಗೆ ಲೋಹದೊಳಗೇ ಸುಳಿಯಂತೆ ಕರೆಂಟ್ ಹುಟ್ಟಿ ಇನ್ನಷ್ಟು ನಷ್ಟ. ಅದನ್ನ ತಡೆಯೋಕೇ ಕೋರನ್ನ ಗಟ್ಟಿಯಾಗಿ ಎರಕ ಹೊಯ್ಯದೆ, ತೆಳು ತಗಡುಗಳನ್ನ ಒಂದರ ಮೇಲೊಂದು ಜೋಡಿಸ್ತಾರೆ.

ಕಳೆದ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಬ್ಬಿಣಕ್ಕೆ ಸಿಲಿಕಾನ್ ಬೆರೆಸಿ ಎರಡೂ ನಷ್ಟ ಇಳಿಸಿದರು. 1934ರಲ್ಲಿ ಅಮೆರಿಕದ ನಾರ್ಮನ್ ಗಾಸ್, ಲೋಹದ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುವಂತೆ ತಗಡು ತಯಾರಿಸೋ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಹೆಚ್ಚಿನ ಟಿಸಿಗಳಲ್ಲಿರೋದು ಅದೇ ಬಗೆಯ ಉಕ್ಕು.

ಇನ್ನೊಂದಿದೆ, ಅಮಾರ್ಫಸ್ ಲೋಹ. ಕರಗಿದ ಲೋಹವನ್ನ ಕಣ್ಣು ಮಿಟುಕಿಸೋದ್ರೊಳಗೆ ತಣ್ಣಗೆ ಮಾಡಿದ್ರೆ ಹರಳುಗಳೇ ಕಟ್ಟಲ್ಲ. ಅಡ್ಡಿ ಕಡಿಮೆ, ಮರೆಯೋದು ಸುಲಭ. ಪಟ್ಟಿಯ ದಪ್ಪ ಸುಮಾರು 0.025 ಮಿಲಿಮೀಟರ್ ಅಷ್ಟೇ. ಆದರೆ ಉಕ್ಕು ಸುಮಾರು 2 ಟೆಸ್ಲಾವರೆಗೆ ಕಾಂತತೆ ಹೊತ್ತರೆ, ಇದು ಸುಮಾರು 1.5ಕ್ಕೇ ಸುಸ್ತು. ಹಾಗಾಗಿ ಕೋರ್ ದಪ್ಪ ಆಗುತ್ತೆ, ಬೆಲೆನೂ ಸಾಮಾನ್ಯವಾಗಿ ಜಾಸ್ತಿ.

ಹಾಗಾದ್ರೆ ನಿಮ್ಮ ಮೊಬೈಲ್ ಚಾರ್ಜರ್ ಅಷ್ಟು ಚಿಕ್ಕದು ಹೇಗೆ? ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡೋದು ಸೆಕೆಂಡಿಗೆ ಹತ್ತಾರು ಸಾವಿರ ಸಲಕ್ಕೂ ಮೇಲೆ. ವೇಗ ಹೆಚ್ಚಿದಷ್ಟೂ ಕೋರ್ ಚಿಕ್ಕದಾದ್ರೂ ಸಾಕು. ಆ ವೇಗದಲ್ಲಿ ಟಿಸಿಯ ಉಕ್ಕು ವಿಪರೀತ ಕಾಯುತ್ತೆ. ಅದಕ್ಕೇ ಅಲ್ಲಿ ಫೆರೈಟ್, ಅಂದ್ರೆ ಕರೆಂಟ್ ಅಷ್ಟಾಗಿ ಹರಿಯದ, ಪಿಂಗಾಣಿಯಂಥ ಕಪ್ಪು ವಸ್ತು.

ಇದೆಲ್ಲ ನಮಗ್ಯಾಕೆ? ಲೆಕ್ಕ ಹಾಕಿ. ಒಂದು ಟಿಸಿಯ ಕೋರ್ ಬರೀ 200 ವ್ಯಾಟ್ ತಿನ್ನುತ್ತೆ ಅಂತ ಇಟ್ಕೊಳ್ಳಿ. ಯಾರೂ ಸ್ವಿಚ್ ಒತ್ತದಿದ್ರೂ ದಿನಕ್ಕೆ 4.8 ಯೂನಿಟ್, ವರ್ಷಕ್ಕೆ 1,752 ಯೂನಿಟ್. ಟಿಸಿ ಬಾಳೋದು ದಶಕಗಳ ಕಾಲ. ಕೊಳ್ಳುವಾಗ ಉಳಿಸಿದ ದುಡ್ಡು ಹೀಗೆ ರಾತ್ರಿ ಹೊತ್ತು ಸದ್ದಿಲ್ಲದೆ, ಅಲ್ಲಲ್ಲ, ಗುಂಯ್ ಅಂತ ಸದ್ದು ಮಾಡ್ಕೊಂಡೇ ಸೋರಿ ಹೋಗುತ್ತೆ. ನಿಮ್ಮ ಅಪಾರ್ಟ್‌ಮೆಂಟ್‌ಗೋ ಫ್ಯಾಕ್ಟರಿಗೋ ಟ್ರಾನ್ಸ್‌ಫಾರ್ಮರ್ ತರೋ ಮಾತು ಬಂದ್ರೆ, ರೇಟ್ ಜೊತೆಗೆ ‘ನೋ-ಲೋಡ್ ಲಾಸ್ ಎಷ್ಟು?’ ಅಂತಲೂ ಕೇಳಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.